ಎರಡೂ ಕಡೆ ಬೆಳಗಿದ ಕೊರಳು

ಮಾರ್ಚ್ ೨
ಗಂಟಲಿನ ವಾರ್ಡು, ಮೂರನೇ ಮಹಡಿ

ಬನ್ನಿ, ಬನ್ನಿ, ಬಿಳಿ ಕೋಟಿನ ಮಹಾಜನಗಳೇ! ಚಹಾದ ಲೋಟ ಹಿಡಿದು ಬಾಗಿಲಿಗೆ ಒರಗಿದವರೇ, ಸೂಕ್ಷ್ಮದರ್ಶಕಕ್ಕೆ ಒಂದು ಕಣ್ಣು ಕೊಟ್ಟು ನನಗೊಂದು ಕಿವಿ ಕೊಟ್ಟವರೇ, ಪಂಜರದಲ್ಲಿ ಮೀಸೆ ಕುಣಿಸುತ್ತ ಕೂತ ಇಲಿಗಳೇ, ಎಲ್ಲರೂ ಹತ್ತಿರಕ್ಕೆ ಸರಿಯಿರಿ! ನನ್ನ ಕಾಗದಗಳನ್ನು ತಂಗಿ ಲ್ಯಾಬಿನಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಾಳೆಂದು ಗೊತ್ತಾದ ಮೇಲೆ ಅವಳೊಬ್ಬಳಿಗೇ ಬರೆಯಲು ಕೈ ಒಪ್ಪುತ್ತಿಲ್ಲ. ನಾಟಕ ಕಂಪನಿಯಲ್ಲಿ ನಲವತ್ತೊಂದು ವರ್ಷ, ಮೈಕಿನ ಹಂಗಿಲ್ಲದೆ, ಹಿಂದಿನ ಬೆಂಚಿನಲ್ಲಿ ತೂಕಡಿಸುವವನನ್ನೂ ಎಬ್ಬಿಸಿ ಕೂರಿಸಿದ ಈ ಕಂಠ ಈಗ ಡಾಕ್ಟರ ಅಪ್ಪಣೆಯಂತೆ ಮುಚ್ಚಿಕೊಂಡಿದೆ. ಪಿಸುಮಾತೂ ಕೂಡದಂತೆ. ಫೋನಂತೂ ಇಲ್ಲವೇ ಇಲ್ಲ. ಆದ್ದರಿಂದ ಇನ್ನು ಪ್ರದರ್ಶನವೆಲ್ಲ ಕಾಗದದ ಮೇಲೆ!

ಇನ್ನು ನಿನಗೆ, ಇಲಿರಾಣಿ. ಧ್ವನಿಪೆಟ್ಟಿಗೆಯ ಎಡಗಡೆ ಗಡ್ಡೆ ಕೂತಿರುವುದು ಖಚಿತವಾಯಿತು. ಬಲಗಡೆಗೂ ಹಬ್ಬಿದೆಯೇ ಎಂಬುದು ಉಳಿದ ಪ್ರಶ್ನೆ. ಶಸ್ತ್ರಚಿಕಿತ್ಸೆಯ ಡಾಕ್ಟರಿಗೆ ನಾನು ಕತ್ತರಿ ಸಾಹೇಬರು ಎಂದು ಹೆಸರಿಟ್ಟಿದ್ದೇನೆ. ಅವರು ಮುಖ ನೋಡಿಯೇ ಹೇಳಿದರು: "ಎಡಗಡೆ ಮಾತ್ರ ಇದ್ರೆ ಅರ್ಧ ತೆಗೀತೀವಿ. ಒರಟಾದ್ರೂ ಸ್ವರ ಅಂತ ಒಂದು ಉಳಿಯುತ್ತೆ. ಎರಡೂ ಕಡೆ ಇದ್ರೆ ಪೂರ್ತಿ ತೆಗೀಬೇಕು. ಆಮೇಲೆ ಉಸಿರಾಡೋದು ಕತ್ತಲ್ಲಿ ಮಾಡಿದ ತೂತಿಂದ."

ಆ ಪೂರ್ತಿ ಎಂದರೇನೆಂಬುದು ಪಕ್ಕದ ಹಾಸಿಗೆಯಲ್ಲೇ ಕೂತಿದೆ. ಟೈಲರ್. ಹೋದ ತಿಂಗಳು ಅವರದು ಪೂರ್ತಿ ತೆಗೆದರು. ಕತ್ತಿನ ತೂತಿಗೆ ತಾವೇ ಹೊಲಿದುಕೊಂಡ ಬಟ್ಟೆಯ ಚೌಕ ಕಟ್ಟಿಕೊಂಡು, ತೊಡೆಯ ಮೇಲೆ ಸ್ಲೇಟು ಇಟ್ಟುಕೊಂಡಿರುತ್ತಾರೆ. ನನ್ನ ಮುಖ ಬಾಡಿದ್ದು ಕಂಡು ಬರೆದು ತೋರಿಸಿದರು: "ಯೋಚ್ನೆ ಬೇಡ. ಗೊರಕೆ ನಿಂತುಹೋಯ್ತು. ಮನೆಯೋರಿಗೆ ಪರಮಸುಖ."

ನಗು ಬಂತು. ನಗುವುದಕ್ಕೂ ಅಪ್ಪಣೆ ಇಲ್ಲ.

ನಿಮ್ಮ ಲ್ಯಾಬಿನ ಹೊಳೆಯುವ ಪುಡಿಯ ಪ್ರಯೋಗಕ್ಕೆ ನೀನು ನನ್ನ ಹೆಸರು ಸೇರಿಸಿದೆಯಲ್ಲ, ಅದನ್ನು ಹತ್ತನೇ ತಾರೀಖು ನನ್ನ ನರಕ್ಕೆ ಹಾಕುತ್ತಾರಂತೆ. ಅದು ಏನು, ಏನು ಮಾಡುತ್ತದೆ? ಬಣ್ಣದವನಿಗೆ ತಿಳಿಯುವ ಹಾಗೆ ಬರೆ.

ನಿನ್ನ ಅಣ್ಣ


ಮಾರ್ಚ್ ೬
ಲ್ಯಾಬು

ಅಣ್ಣಾ,

ಓದಿದೆ. ಇಲಿಗಳು ಚಪ್ಪಾಳೆ ತಟ್ಟಲಿಲ್ಲ, ಉಳಿದವರು ತಟ್ಟಿದರು. ಗಾಜಿನ ಸಾಮಾನು ತೊಳೆಯುವ ನಮ್ಮ ಹಿರಿಯರು, "ಬಾಯಿ ಕಟ್ಟಿದ್ರೆ ನಿಮ್ಮಣ್ಣ ಕೈಯಲ್ಲೇ ಕೂಗ್ತಾರಲ್ಲಮ್ಮ" ಅಂದರು.

ನಮ್ಮ ಪುಡಿ ಪುಡಿಯಲ್ಲ, ನೀರಿನಲ್ಲಿ ತೇಲುವ ಕಣಗಳು. ನ್ಯಾನೋ ಕಣ ಅನ್ನುತ್ತೇವೆ. ಒಂದು ತಲೆಗೂದಲಿನ ಅಗಲಕ್ಕೆ ಸಾವಿರಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ಒಂದೊಂದಕ್ಕೂ ಒಂದು ಹೊದಿಕೆ ಇದೆ. ಆ ಹೊದಿಕೆ ಕ್ಯಾನ್ಸರಿನ ಜೀವಕೋಶಕ್ಕೆ ಅಂಟಿಕೊಳ್ಳುತ್ತದೆ, ಉಳಿದವನ್ನು ದಾಟಿ ಹೋಗುತ್ತದೆ. ಎರಡು ದಿನ ಬಿಟ್ಟು ಕತ್ತಲ ಕೋಣೆಯಲ್ಲಿ ನಿನ್ನ ಕೊರಳಿನ ಮೇಲೆ ಕೆಂಪು ದೀಪ ಬಿಡುತ್ತಾರೆ. ಕಣಗಳು ತಿರುಗಿ ಇನ್ನೊಂದು ಬೆಳಕು ಬಿಡುತ್ತವೆ, ಕೆಂಪಿಗೂ ಆಚೆಯದು, ನಮ್ಮ ಕಣ್ಣಿಗೆ ಕಾಣದ್ದು. ಕ್ಯಾಮೆರಾಕ್ಕೆ ಕಾಣುತ್ತದೆ. ಬೆಳಗಿದಲ್ಲಿ ಗಡ್ಡೆ. ಕತ್ತಲಾಗಿದ್ದಲ್ಲಿ ಕತ್ತರಿಗೆ ಕೆಲಸವಿಲ್ಲ. ಮುಂದೆ ಇದೇ ಕಣದ ಹೊಟ್ಟೆಯಲ್ಲಿ ಔಷಧಿ ತುಂಬಿ ಕಳಿಸುತ್ತೇವೆ, ಕತ್ತರಿಗೆ ಸಿಗದೆ ಉಳಿದದ್ದನ್ನು ಅದು ಹುಡುಕಿಕೊಂಡು ಹೋಗಲಿ ಅಂತ.

ನಿನಗೆ ಬರುವುದು ಏಳನೇ ಬ್ಯಾಚು. ನಾನೇ ಮಾಡಿದ್ದು. ಶೀತಲ ಕೋಣೆಯಲ್ಲಿ ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು ದಿನವಿಡೀ ನಿಂತು ಸೋಸಿದೆ. ಕಾಲು ಈಗಲೂ ನನ್ನದಲ್ಲ ಅನಿಸುತ್ತಿದೆ. ನಾಲ್ಕು ವರ್ಷದಿಂದ ಊಟ ಸಿಂಕಿನ ಪಕ್ಕದಲ್ಲೇ. ಇರಲಿ.

ನಮ್ಮ ಕಣ ಸುಳ್ಳು ಹೇಳುವುದಿಲ್ಲ ಅಣ್ಣಾ. ಧೈರ್ಯವಾಗಿರು.

ತಂಗಿ


ಮಾರ್ಚ್ ೧೩
ವಾರ್ಡು

ಮಹಾಜನಗಳೇ, ಇಲಿರಾಣಿಯೇ,

ಪ್ರವೇಶ ಭರ್ಜರಿಯಾಗಿತ್ತು! ಕತ್ತಲ ಕೋಣೆ. ನಡುವೆ ಒಂದು ಮೇಜು. ಮೇಲೆ ದೀಪ, ದೀಪದ ಪಕ್ಕ ಕ್ಯಾಮೆರಾ. ದೀಪದಡಿಗೆ ಹೋಗುವುದು ನನಗೇನು ಹೊಸದೇ? ನಾನೂ ಸಜ್ಜಾಗಿಯೇ ಹೋಗಿದ್ದೆ. ಹೆಡ್ ನರ್ಸಮ್ಮ ಒದ್ದೆ ಹತ್ತಿಯಿಂದ ಕೊರಳು ಒರೆಸಿ, "ಅಲ್ಲಾಡಬೇಡಿ" ಅಂದರು. ನಲವತ್ತೊಂದು ವರ್ಷದಲ್ಲಿ ನನಗೆ ಅಲ್ಲಾಡಬೇಡ ಎಂದ ಮೊದಲ ನಿರ್ದೇಶಕಿ.

ಪರದೆ ನನಗೂ ಕಾಣುವ ಹಾಗಿತ್ತು. ಮೊದಲು ಎಡಗಡೆ ಬೆಳಗಿತು. ಅದು ಗೊತ್ತಿದ್ದದ್ದೇ. ಕ್ಯಾಮೆರಾ ಬಲಕ್ಕೆ ಸರಿಯಿತು.

ಬಲಗಡೆಯೂ ಬೆಳಗಿತು. ಅಷ್ಟೇ ಜೋರಾಗಿ. ಕಿವಿಯ ಕೆಳಗಿನಿಂದ ಕಾಲರಿನ ತನಕ.

ಕತ್ತರಿ ಸಾಹೇಬರು ಕ್ಯಾಮೆರಾವನ್ನು ಇನ್ನೊಮ್ಮೆ ಎಡಕ್ಕೆ ಒಯ್ದು ಬಲಕ್ಕೆ ತಂದರು. ಆಮೇಲೆ, "ಇಷ್ಟೊಂದು ಹಬ್ಬಿರುತ್ತೆ ಅಂದ್ಕೊಂಡಿರ್ಲಿಲ್ಲ. ಬಲಗಡೆನೂ ಸೂಜಿ ಹಾಕಿ ಒಂದು ಚೂರು ತೆಗೆದು ನೋಡೋಣ" ಎಂದರು. ಎಡಗಡೆ ಸೂಜಿ ಹಾಕಿದಾಗ ಮೂರು ದಿನ ರಕ್ತ ಉಗುಳಿದ್ದೇನೆ. ಚೀಟಿಯಲ್ಲಿ ಬರೆದು ಕೊಟ್ಟೆ: ಬೇಡ. ನನ್ನ ತಂಗಿ ಮಾಡಿದ ಕಣ. ಅದು ಸುಳ್ಳು ಹೇಳೋದಿಲ್ಲ ಅಂತ ಅವಳೇ ಬರೆದಿದ್ದಾಳೆ.

ಪೂರ್ತಿ ತೆಗೆಯುವುದಕ್ಕೆ ಸಹಿ ಹಾಕಿದ್ದೇನೆ. "ಇನ್ನೊಂದ್ಸಲ ಯೋಚ್ನೆ ಮಾಡಿ" ಅಂದರು. ಸಹಿಯ ಕೆಳಗೆ ಗೀಟು ಎಳೆದು ತೋರಿಸಿದೆ. ಇಪ್ಪತ್ತನಾಲ್ಕನೇ ತಾರೀಖು.

ವೇದಿಕೆಯ ಮೇಲೆ ನೂರಾರು ಸಲ ಸತ್ತಿದ್ದೇನೆ, ಪರದೆ ಬಿದ್ದ ಮೇಲೆ ಧೂಳು ಕೊಡವಿಕೊಂಡು ಎದ್ದಿದ್ದೇನೆ. ಈಗ ದುಃಖ ಅಂತ ಇಲ್ಲ. ಆಯಾಸ. ಒಂದು ದೊಡ್ಡ ಸಂಭಾಷಣೆಯ ಅರ್ಧಕ್ಕೆ ಬಂದು, ಉಳಿದದ್ದನ್ನು ಬೇರೆ ಯಾರಾದರೂ ಹೇಳಲಿ ಅನಿಸುವಂಥ ಆಯಾಸ.

ಅಣ್ಣ


ಮಾರ್ಚ್ ೧೬
ಲ್ಯಾಬು

ಅಣ್ಣಾ,

ಕಾಗದ ಬಂತು. ಇದನ್ನು ಯಾರಿಗೂ ಓದಿ ಹೇಳಲಿಲ್ಲ.

ಒಂದು ಮಾತು ಕೇಳು. ಬಲಗಡೆ ಸೂಜಿ ಹಾಕಿಸಿಕೋ. ಡಾಕ್ಟರು ಹೇಳಿದ ಮೇಲೆ ಏನೋ ಇರುತ್ತದೆ. ನೋವಾಗುತ್ತದೆ, ಗೊತ್ತು. ನನಗೋಸ್ಕರ ಅಂತ ಇಟ್ಟುಕೋ.

ಇಲ್ಲಿ ಕೆಲಸ ಜಾಸ್ತಿ. ಆಮೇಲೆ ಬರೆಯುತ್ತೇನೆ.

ತಂಗಿ


ಮಾರ್ಚ್ ೧೮
ವಾರ್ಡು

ತಂಗೀ,

ನಿನ್ನ ಆರು ಸಾಲು ಓದಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ಸೂಜಿ ಹಾಕಿಸಿಕೋ, ಯಾಕೆ ಎಂದು ಕೇಳಬೇಡ, ಕೆಲಸ ಜಾಸ್ತಿ. ಕಣದ ಮೇಲೆ ನಂಬಿಕೆಯಿಡು ಅಂದವಳೂ ನೀನೇ, ಈಗ ಸೂಜಿಯ ಮೇಲೆ ಇಡು ಅನ್ನುವವಳೂ ನೀನೇ.

ನನಗೆ ಅರ್ಥವಾಗುತ್ತದೆ. ಅಣ್ಣನ ಕಥೆ ಮುಗಿಯಿತೆಂದು ನಿನಗೆ ಗೊತ್ತು, ಬಾಯಿಬಿಟ್ಟು ಹೇಳಲಾರೆ, ಸುಮ್ಮನೆ ಒಂದು ಆಸೆಯ ದಾರ ಹಿಡಿಸುತ್ತಿದ್ದೀಯ. ಮರುಕ ಬೇಡಮ್ಮ. ಟಿಕೆಟ್ ಕೊಂಡು ಬಂದವರ ಮರುಕವನ್ನೇ ನಾನು ಇಸಿದುಕೊಂಡವನಲ್ಲ.

ಟೈಲರ್ ನನಗೆ ಸ್ಲೇಟಿನ ಪಾಠ ಶುರು ಮಾಡಿದ್ದಾರೆ. ನಾನು ಬರೆದದ್ದನ್ನು ನೋಡಿ, "ಇಷ್ಟುದ್ದ ಬರೆದ್ರೆ ನೀರು ಕೇಳೋಷ್ಟರಲ್ಲಿ ಬಾಯಾರಿ ಸಾಯ್ತೀರ" ಎಂದು ಬರೆದರು. ಕುಡಿಯುವ ನೀರಿಗೆ "ನೀ" ಸಾಕಂತೆ, ನೋವಿಗೆ "ನೋ" ಸಾಕಂತೆ. ಎರಡೆರಡು ಪುಟದ ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳಿದವನು ಈಗ ಒಂದೊಂದೇ ಅಕ್ಷರ ಕಲಿಯುತ್ತಿದ್ದೇನೆ.

ಸೂಜಿ ಹಾಕಿಸಿಕೊಳ್ಳುವುದಿಲ್ಲ. ಇನ್ನು ಆರು ದಿನ.

ಅಣ್ಣ


ಮಾರ್ಚ್ ೨೦
ಲ್ಯಾಬು, ಕೊರಿಯರ್ ಮೂಲಕ

ಅಣ್ಣಾ,

ಇದು ನಾಳೆಯೇ ನಿನಗೆ ಸಿಗುತ್ತದೆ. ಪೂರ್ತಿ ಓದು, ಮಧ್ಯದಲ್ಲಿ ಎಸೆಯಬೇಡ.

ನಮ್ಮ ಕಣ ಸುಳ್ಳು ಹೇಳುತ್ತದೆ. ಕೆಲವು ಸಲ. ನೂರು ಕಣ ಒಳಗೆ ಬಿಟ್ಟರೆ ಗಡ್ಡೆ ಮುಟ್ಟುವುದು ಒಂದೋ ಎರಡೋ. ಉಳಿದದ್ದೆಲ್ಲ ಯಕೃತ್ತಿನ ಕಡೆ, ಗುಲ್ಮದ ಕಡೆ ಹೋಗಿ ಕೂರುತ್ತದೆ. ಐದನೇ ಬ್ಯಾಚು ಗಂಟುಗಟ್ಟಿಕೊಂಡು, ಗಡ್ಡೆಯೇ ಇಲ್ಲದ ಇಲಿಗಳ ಮೈಯೆಲ್ಲ ಬೆಳಗಿತ್ತು. ಇದೆಲ್ಲ ಪ್ರಯೋಗದ ಕಾಗದಗಳಲ್ಲಿ ಇದೆ, ನಿನ್ನ ಕತ್ತರಿ ಸಾಹೇಬರಿಗೂ ಗೊತ್ತು. ಅದಕ್ಕೇ ಸೂಜಿ ಕೇಳಿದ್ದು. ಗೊತ್ತಿಲ್ಲದಿದ್ದದ್ದು ನಿನಗೊಬ್ಬನಿಗೆ. ನಾನು ಹೇಳಲಿಲ್ಲ.

ಯಾಕೆ ಅಂದರೆ, ಸ್ವರ ಒಡೆದ ಮೇಲೂ ಏಳು ತಿಂಗಳು ಕಷಾಯ ಕುಡಿದುಕೊಂಡು ಓಡಾಡಿದವನು ನೀನು. ಆಸ್ಪತ್ರೆ ಅಂದರೆ ಬಾಗಿಲಿನಿಂದಲೇ ತಿರುಗಿ ಬರುವವನು. "ಇರಬಹುದು, ಇಲ್ಲದಿರಬಹುದು" ಅಂದರೆ ನೀನು ಹೋಗುತ್ತಿರಲಿಲ್ಲ. ಅದಕ್ಕೆ ಪೂರ್ತಿ ಧೈರ್ಯ ಹೇಳಿದೆ. ನಾನು ಆಡಿದ ಆ ಒಂದು ಸಾಲನ್ನು ನೀನು ಚೀಟಿಯಲ್ಲಿ ಬರೆದು ಡಾಕ್ಟರಿಗೆ ಕೊಟ್ಟೆ. ಹದಿನಾರನೇ ತಾರೀಖು ಇದನ್ನೇ ಬರೆದಿದ್ದೆ, ಹರಿದುಹಾಕಿದೆ. ನಿಜ ಗೊತ್ತಾದರೆ ಎದ್ದು ಮನೆಗೆ ಹೋಗಿಬಿಡುತ್ತೀಯ ಅಂತ ಹೆದರಿದೆ. ಮರುಕ ಅಲ್ಲ ಅಣ್ಣಾ. ಹೆದರಿಕೆ.

ನಿನ್ನ ಪರದೆಯ ಚಿತ್ರ ಈ ಪ್ರಯೋಗ ನಡೆಸುವ ನಮ್ಮ ಮೇಡಂಗೂ ಬಂದಿದೆ. ಏಳನೇ ಬ್ಯಾಚೇ ಕೆಟ್ಟಿರಬೇಕು ಎಂದು ಪ್ರಯೋಗ ನಿಲ್ಲಿಸಿದ್ದಾರೆ. ಸಾಲಿನಲ್ಲಿ ಇನ್ನೂ ಹನ್ನೊಂದು ರೋಗಿಗಳಿದ್ದಾರೆ. ನಿನಗೆ ಹಾಕಿದ ಸೀಸೆಯಲ್ಲಿ ಉಳಿದಿದ್ದ ಅರ್ಧವನ್ನು ನಾಲ್ಕು ಇಲಿಗಳಿಗೆ ಹಾಕಿ ನೋಡಿದೆ, ಅದಕ್ಕೇ ಅಲ್ಲಿಗೆ ಬರಲಾಗಲಿಲ್ಲ. ನಾಲ್ಕರಲ್ಲೂ ಗಡ್ಡೆ ಮಾತ್ರ ಬೆಳಗಿತು. ಒಂದು ಗಂಟಿಲ್ಲ. ಬ್ಯಾಚು ಚೆನ್ನಾಗಿದೆ. ಹಾಗಾದರೆ ನಿನ್ನ ಬಲಗಡೆ ನಿಜವಾಗಿಯೂ ಹಬ್ಬಿದೆ. ಇಲ್ಲವಾದರೆ ನಮಗೆ ಗೊತ್ತಿಲ್ಲದ್ದು ಇನ್ನೇನೋ ಇದೆ.

ನಿನ್ನ ಡಾಕ್ಟರಿಗೆ ಫೋನ್ ಮಾಡಿದೆ. "ರೋಗಿ ಒಪ್ಪದೆ ನಾನು ಸೂಜಿ ಹಾಕೋ ಹಾಗಿಲ್ಲ. ನಿಮ್ಮ ಅನುಮಾನಕ್ಕೆ ಒಂದು ಕಾರಣ ಕೊಡಿ" ಅಂದರು. ನನ್ನ ಹತ್ತಿರ ಕಾರಣ ಇಲ್ಲ.

ಅದಕ್ಕೆ ಕೇಳುತ್ತಿದ್ದೇನೆ. ಹನ್ನೆರಡನೇ ತಾರೀಖು ಎದ್ದಾಗಿನಿಂದ ದೀಪದಡಿ ಮಲಗುವ ತನಕ ಏನೇನು ಮಾಡಿದೆ? ಏನು ತಿಂದೆ, ಏನು ಕುಡಿದೆ, ಏನು ತೊಟ್ಟೆ? ಸಣ್ಣದು ಅಂತ ಬಿಡಬೇಡ. ನನ್ನ ಮೇಲೆ ಸಿಟ್ಟಿದ್ದರೆ ಆಮೇಲೆ ಬೈ. ಇದಕ್ಕೆ ಮಾತ್ರ ಉತ್ತರ ಬರೆ.

ತಂಗಿ


ಮಾರ್ಚ್ ೨೧
ವಾರ್ಡು

ತಂಗೀ,

ಕೊರಿಯರಿನವನು ಕೆಳಗೆ ಕಾಯುತ್ತಿದ್ದಾನೆ. ಸಿಟ್ಟು ಇದೆ. ಅದಕ್ಕೆ ಹಾಳೆ ಸಾಲದು, ಹಾಗಾಗಿ ಬಿಟ್ಟಿದ್ದೇನೆ.

ಹನ್ನೆರಡನೇ ತಾರೀಖು. ಐದೂವರೆಗೆ ಎದ್ದೆ. ತಿನ್ನಲು ಕೊಡಲಿಲ್ಲ, ಎರಡು ಲೋಟ ನೀರು ಕುಡಿದೆ. ಆರಕ್ಕೆ ಸ್ನಾನ. ಆಸ್ಪತ್ರೆಯ ನಿಲುವಂಗಿ ತೊಟ್ಟೆ, ಹಿಂದೆ ದಾರ ಕಟ್ಟುವಂಥದ್ದು, ಮೂರು ಗುಂಡಿ ಹಾಕಿದ್ದರೆ ಮನುಷ್ಯನ ಮಾನ ಉಳಿಯುತ್ತಿತ್ತು ಎಂದು ಟೈಲರ್ ಬರೆದರು. ಆಮೇಲೆ ಕನ್ನಡಿ ನೋಡಿದೆ.

ಎಡಗಡೆ ಸೂಜಿ ಹಾಕಿದ ಜಾಗ ಕೆಂಪಗೆ ಊದಿಕೊಂಡಿತ್ತು. ನಿನ್ನ ದೊಡ್ಡ ಡಾಕ್ಟರುಗಳು, ಕ್ಯಾಮೆರಾದವರು, ಕಲಿಯುವ ಹುಡುಗಿಯರು ಎಲ್ಲ ಸೇರಿ ನೋಡುವ ದಿನ. ಹಾಗೇ ಹೋಗಿ ಮಲಗಲೇ? ಬಣ್ಣದ ಪೆಟ್ಟಿಗೆ ಜೊತೆಗಿಲ್ಲದೆ ನಾನು ಎಲ್ಲಿಗೂ ಹೋದವನಲ್ಲ. ಸ್ವಲ್ಪವೇ ಸ್ವಲ್ಪ ತಿದ್ದಿಕೊಂಡೆ. ಕೆಂಪನ್ನು ಅಡಗಿಸುವುದು ಹೇಗೆಂದು ಗೊತ್ತೇ ನಿನಗೆ? ಬರೀ ಮೈಬಣ್ಣ ಬಳಿದರೆ ಕೆಂಪು ಮೇಲೆ ಬರುತ್ತದೆ. ಕೆಳಗೆ ಒಂದು ಚಿಟಿಕೆ ನೀಲಿ ಕೊಡಬೇಕು. ನಮ್ಮ ಕಂಪನಿಯ ಹಳೇ ನೀಲಿ ಪುಡಿ, ಈಗ ಅಂಥದ್ದು ಸಿಗುವುದಿಲ್ಲ. ಮೇಣದಲ್ಲಿ ಕಲಸಿ, ಬೆರಳ ತುದಿಯಲ್ಲಿ ತಟ್ಟಿ, ಮೇಲೆ ಮೈಬಣ್ಣ ಎಳೆದರೆ ಕೆಂಪು ಸತ್ತುಹೋಗುತ್ತದೆ. ಎಡಗಡೆಗೆ ಮಾತ್ರ ಬಳಿದರೆ ದೀಪದಡಿ ತೇಪೆ ಹಾಕಿದ ಹಾಗೆ ಕಾಣುತ್ತದೆ. ಆದ್ದರಿಂದ ಬಲಗಡೆಗೂ ಸರಿಸಮವಾಗಿ ಬಳಿದೆ. ಅಷ್ಟು ಕಸುಬು ಇನ್ನೂ ಕೈಯಲ್ಲಿದೆ. ನರ್ಸಮ್ಮ ಒದ್ದೆ ಹತ್ತಿಯಲ್ಲಿ ಒರೆಸಿದರು ನೋಡು, ನನಗೆ ಒಳಗೊಳಗೇ ನಗು. ಅದು ನೀರಿಗೆ ಹೋಗುವ ಬಣ್ಣವೇ? ಎಣ್ಣೆ ಬೇಕು ಅದಕ್ಕೆ. ಅವರಿಗೆ ಗೊತ್ತೇ ಆಗಲಿಲ್ಲ. ನಾನೂ ಹೇಳಲಿಲ್ಲ. ಅಂದಿನಿಂದ ದಿನವೂ ತಿದ್ದಿಕೊಳ್ಳುತ್ತಲೇ ಇದ್ದೇನೆ.

ಏಳೂವರೆಗೆ ಕರೆದರು. ಲಿಫ್ಟಿನಲ್ಲಿ ಇಳಿದೆವು. ಎಂಟಕ್ಕೆ ಮಲಗಿದೆ. ಇಷ್ಟೇ. ಇದರಲ್ಲಿ ನಿನ್ನ ಇಲಿಗಳಿಗೆ ಬೇಕಾದದ್ದು ಏನೂ ಇಲ್ಲ.

ಅಣ್ಣ


ಮಾರ್ಚ್ ೨೨
ಲ್ಯಾಬು

ಅಣ್ಣಾ,

ಇದು ನಿನ್ನ ಕೈಸೇರುವ ಮೊದಲೇ ಹೆಡ್ ನರ್ಸಮ್ಮ ಎಣ್ಣೆ ಬಾಟಲಿ ಹಿಡಿದುಕೊಂಡು ಬಂದಿರುತ್ತಾರೆ. ಓದಿದ ತಕ್ಷಣ ಅವರಿಗೂ ಡಾಕ್ಟರಿಗೂ ಫೋನ್ ಮಾಡಿದೆ. ಇಪ್ಪತ್ತನಾಲ್ಕರ ಆಪರೇಷನ್ ನಿಂತಿದೆ.

ನೀಲಿ. ನಿನ್ನ ನೀಲಿ. ಹಳೆಯ ಕಾಲದ ಕೆಲವು ನೀಲಿ ಪುಡಿಗಳು ಕೆಂಪು ದೀಪ ಬಿದ್ದರೆ ನಮ್ಮ ಕಣದ ಹಾಗೆಯೇ, ಅದೇ ಕಾಣದ ಬೆಳಕನ್ನು ಬಿಡುತ್ತವೆ. ಮೈಬಣ್ಣದ ತೆಳುಪದರದೊಳಗಿಂದ ಅದು ಹಾದುಬರುತ್ತದೆ. ಕ್ಯಾಮೆರಾ ನಿನ್ನ ಕೊರಳಿನ ಒಳಗನ್ನು ನೋಡಲೇ ಇಲ್ಲ ಅಣ್ಣಾ. ಮೇಲಿನ ಬಣ್ಣ ನೋಡಿತು. ಎರಡೂ ಕಡೆ ಸರಿಸಮವಾಗಿ!

ಬಲಗಡೆ ಖಂಡಿತ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇನ್ನು ಯಾವುದನ್ನೂ ಖಂಡಿತ ಎಂದು ನಿನಗೆ ಹೇಳುವುದಿಲ್ಲ. ಮೇಡಂ ಒಪ್ಪಿದ್ದಾರೆ, ನಾಳೆ ಮತ್ತೆ ಕಣ ಹಾಕುತ್ತಾರೆ, ಇಪ್ಪತ್ತೈದಕ್ಕೆ ಮತ್ತೆ ನೋಡುತ್ತಾರೆ. ಕತ್ತಲು ಕಂಡರೂ ಸೂಜಿ ಹಾಕಿಸಿಕೊಳ್ಳಬೇಕು. ಕತ್ತಲಿನ ಮಾತನ್ನೂ ಒಂದೇ ಸಾಕ್ಷಿಯ ಮೇಲೆ ನಂಬಬಾರದು.

ಗಾಜು ತೊಳೆಯುವ ಹಿರಿಯರಿಗೆ ಹೇಳಿದೆ. "ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಳ್ತಿದ್ರಲ್ಲಮ್ಮ!" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಮೆಟ್ಟಿಲ ಮೇಲೆ ಹೋಗಿ ಕೂತೆ. ಇದನ್ನು ಅಲ್ಲೇ ಕೂತು ಬರೆದೆ.

ತಂಗಿ


ಮಾರ್ಚ್ ೨೬
ವಾರ್ಡು

ತಂಗೀ,

ನರ್ಸಮ್ಮ ಮೂರು ಬಟ್ಟೆ, ಅರ್ಧ ಬಾಟಲಿ ಎಣ್ಣೆ ಖರ್ಚು ಮಾಡಿದರು. ಉಜ್ಜಿದ್ದಕ್ಕಿಂತ ಬೈದದ್ದೇ ಹೆಚ್ಚು. "ಇಷ್ಟು ವಯಸ್ಸಾಗಿದೆ, ಕೇಳಿದ್ರೆ ಒಂದು ಮಾತು ಹೇಳೋಕಾಗಲ್ವಾ?" ಅಂದರು. ಮಾತಾಡಬೇಡ ಅಂದವರು ನೀವೇ ಎಂದು ಬರೆದು ತೋರಿಸಿದೆ. ಇನ್ನೂ ಜೋರಾಗಿ ಉಜ್ಜಿದರು. ಆದರೆ ಅವರು ಕೇಳಿರಲಿಲ್ಲ. ಕೇಳಿದ್ದರೂ ನಾನು ಇಲ್ಲ ಎನ್ನುತ್ತಿದ್ದೆ. ಅದನ್ನು ನಿನಗೆ ಹೇಳಿಬಿಡುತ್ತೇನೆ.

ನಿನ್ನೆ ಬರಿ ಕೊರಳಲ್ಲಿ ಹೋಗಿ ಮಲಗಿದೆ. ಎಡಗಡೆ ಬೆಳಗಿತು, ಒಂದು ಅವರೆಕಾಳಿನಷ್ಟು. ಕ್ಯಾಮೆರಾ ಬಲಕ್ಕೆ ಸರಿಯಿತು. ನಾನು ಕಣ್ಣು ಮುಚ್ಚಿಕೊಂಡೆ. ಆಮೇಲೆ ಕತ್ತರಿ ಸಾಹೇಬರು ಹೆಗಲು ತಟ್ಟಿ, "ಕಣ್ಣು ಬಿಡಿ ಯಜಮಾನ್ರೇ, ಇಲ್ಲೇನೂ ಇಲ್ಲ" ಎಂದರು. ಬಿಟ್ಟೆ. ಕತ್ತಲು. ಖಾಲಿ ವೇದಿಕೆ ನೋಡಿ ನನಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು.

ಸೂಜಿಯನ್ನೂ ಹಾಕಿಸಿಕೊಂಡೆ. ಇಂದು ಸಂಜೆ ಫಲಿತಾಂಶ ಬಂತು. ಬಲಗಡೆ ಚೊಕ್ಕ. ನಾಳೆ ಅರ್ಧ ತೆಗೆಯುತ್ತಾರೆ. ಅರ್ಧವೇ.

ಉಳಿಯುವ ಸ್ವರ ಎಷ್ಟು ದೂರ ಹೋಗುತ್ತದೆ ಎಂದು ಚೀಟಿಯಲ್ಲಿ ಕೇಳಿದೆ. ಥಿಯೇಟರ್ ತುಂಬುತ್ತದೆಯೇ? ಆ ಮನುಷ್ಯ ಸುಳ್ಳು ಹೇಳಲಿಲ್ಲ. "ಒಂದು ಕೋಣೆ ತುಂಬುತ್ತೆ" ಅಂದರು. ಹಾಗಾದರೆ ಪಾತ್ರ ಮುಗಿಯಿತು. ಬಣ್ಣದ ಪೆಟ್ಟಿಗೆಯನ್ನು ಟೈಲರಿಗೆ ಕೊಟ್ಟೆ. "ನಾನೇನು ಮಾಡಲಿ ಇದನ್ನ?" ಎಂದು ಬರೆದರು. ಅದರಲ್ಲಿ ಗುಂಡಿ ಹಾಕಿಡಿ ಎಂದು ಬರೆದೆ. ಒಂದು ಕೋಣೆ ಎಂದರೆ ಕಡಿಮೆಯೇನಲ್ಲ ತಂಗಿ. ನೀನು ಬಂದು ಎದುರಿಗೆ ಕೂತರೆ ಕೋಣೆ ತುಂಬುತ್ತದೆ. ಸಿಟ್ಟು ಅಲ್ಲಿಗೆ ಉಳಿಸಿಟ್ಟಿದ್ದೇನೆ, ಕಾಗದದಲ್ಲಿ ಬೈದರೆ ನಿನಗೂ ರುಚಿಸುವುದಿಲ್ಲ. ನೀನು ಬಚ್ಚಿಟ್ಟದ್ದು ನಾನು ಬದುಕಲಿ ಎಂದು, ನಾನು ಬಚ್ಚಿಟ್ಟದ್ದು ಚೆಂದ ಕಾಣಲಿ ಎಂದು. ಯಾರಿಗೆ ಯಾರು ಬೈಯಬೇಕೋ ನೋಡೋಣ.

ನಿಮ್ಮ ಮೇಡಂ ಪ್ರಯೋಗವನ್ನು ಮತ್ತೆ ಶುರು ಮಾಡಿಸಿದ್ದಾರೆಂದು ಸಾಹೇಬರು ಹೇಳಿದರು. ಆ ಹನ್ನೊಂದು ಜನರ ಕೊರಳನ್ನು ಮೊದಲು ಎಣ್ಣೆಯಲ್ಲಿ ಒರೆಸಬೇಕೆಂದು ನಿಯಮ ಬರೆದಿದ್ದಾರಂತೆ. ಆ ಮಟ್ಟಿಗೆ ನಾನೂ ವಿಜ್ಞಾನಕ್ಕೆ ಏನೋ ಕೊಟ್ಟ ಹಾಗಾಯಿತು.

ಈಗ ನಾಳೆಯ ಕಾರ್ಯಕ್ರಮ. ಕತ್ತರಿ ಹಿಡಿಯುವ ಮೊದಲು ಬಾಗಿಲಲ್ಲಿ ನಿಲ್ಲಿಸಿ ಮೂರು ಪ್ರಶ್ನೆ ಕೇಳುವುದು ಇಲ್ಲಿನ ಪದ್ಧತಿಯಂತೆ: ಹೆಸರೇನು, ವಯಸ್ಸೆಷ್ಟು, ಯಾವ ಕಡೆ ಆಪರೇಷನ್. ತಪ್ಪು ಕಡೆ ಕುಯ್ಯಬಾರದಲ್ಲ, ಅದಕ್ಕೆ. ಉತ್ತರವನ್ನು ರೋಗಿಯೇ ಬಾಯಿಬಿಟ್ಟು ಹೇಳಬೇಕು. ಚೀಟಿ ನಡೆಯುವುದಿಲ್ಲ. ಒಂದು ತಿಂಗಳ ಮೇಲೆ ಮೊದಲ ಸಲ ಅಪ್ಪಣೆ ಸಿಕ್ಕಿದೆ, ಈ ಕಂಠ ಇಡಿಯಾಗಿರುವಾಗ ಕೊನೆಯ ಸಲ. ನಾಳೆ ಬೆಳಗ್ಗೆ ಏಳಕ್ಕೆ ಗಾಲಿಹಾಸಿಗೆ ಬೇಡ ಎಂದು ನಡೆದೇ ಹೋಗುತ್ತೇನೆ. ಹೆಸರನ್ನು ಮೆಲ್ಲಗೆ ಹೇಳುತ್ತೇನೆ, ವಯಸ್ಸನ್ನು ಇನ್ನೂ ಮೆಲ್ಲಗೆ. ಆಮೇಲೆ ಕಾಲು ಅಗಲಿಸಿ ನಿಂತು, ಹೊಟ್ಟೆಯಿಂದ ಉಸಿರು ಎಳೆದುಕೊಂಡು, ಕಾರಿಡಾರಿನ ಆ ತುದಿಯ ಗಾಜು ಅದುರುವ ಹಾಗೆ ಮೂರನೆಯದನ್ನು ಹೇಳುತ್ತೇನೆ: ಎಡಗಡೆ ಮಾತ್ರ!